ಎಡಗಡೆಯ ಸೀಟಿಗೆ ಲೆಕ್ಕವಿರಲಿಲ್ಲ

ಸಲಹೆಗಾರರು ಮಾತು ಶುರು ಮಾಡಿದ್ದು ತೋಳಗಳ ಚಿತ್ರದಿಂದ. ಹಿಮದ ಮೇಲೆ ಬೂದು ತೋಳಗಳ ಹಿಂಡೊಂದು ಏನನ್ನೋ ಸುತ್ತುವರಿದು ನಿಂತಿತ್ತು. ಹೊಸೂರಿನ ನಮ್ಮ ಕಾರ್ಖಾನೆಯ ಮೀಟಿಂಗ್ ರೂಮಿನಲ್ಲಿ ಅವತ್ತು ಏಸಿ ಕೆಟ್ಟಿತ್ತು, ಎಲ್ಲರೂ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆವು. ನಮ್ಮ ವಿಭಾಗದ ಮ್ಯಾನೇಜರ್ ಒಬ್ಬರು ಮಾತ್ರ ಸೆಕೆಯನ್ನು ಮರೆತು ಪರದೆಯನ್ನೇ ನೋಡುತ್ತಿದ್ದರು.

"ಪ್ರಕೃತಿ ಕೋಟಿ ವರ್ಷ ಯೋಚನೆ ಮಾಡಿ ಕಂಡುಹಿಡಿದಿದ್ದನ್ನ ನಾವು ಬರೀ ಎರವಲು ತಗೋತಿದೀವಿ," ಎಂದರು ಸಲಹೆಗಾರರು. ಬೆಂಗಳೂರಿನಿಂದ ಬಂದಿದ್ದವರು. ಅವರಿಗೆ ನಮ್ಮ ಗಾಡಿ ಯಾವುದು, ಅದರಲ್ಲಿ ಯಾರು ಕೂರುತ್ತಾರೆ ಎಂಬ ಯಾವ ಪ್ರಶ್ನೆಯೂ ಇರಲಿಲ್ಲ.

ಅದೊಂದು ಸಣ್ಣ ಸರಕು ಗಾಡಿ. ಬಾಗಲೂರು ಕಡೆಯಿಂದ ಗುಲಾಬಿ, ಪುದೀನ, ಎಲೆಕೋಸು ಹೇರಿಕೊಂಡು ಬೆಳಗ್ಗೆ ಬೆಳಗ್ಗೆ ಸಾಲಾಗಿ ಬರುತ್ತವಲ್ಲ, ಆ ಜಾತಿಯದು. ಎಂಜಿನ್ನು ಸೀಟಿನ ಕೆಳಗಿರುವುದರಿಂದ ಮೂತಿ ಮೊಂಡು. ಒಳಗೆ ಕೂತವರ ಮೊಣಕಾಲಿಗೂ ಹೊರಗಿನ ತಗಡಿಗೂ ನಡುವೆ ಒಂದೋ ಒಂದೂವರೆಯೋ ಗೇಣು ಜಾಗ. ಗಾಡಿ ಎದುರಿಗೆ ಏನಕ್ಕಾದರೂ ಗುದ್ದಿದರೆ ಆ ಗೇಣು ಜಾಗ ಉಳಿಯುತ್ತದೆಯೇ ಇಲ್ಲವೇ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಈ ಸಲ ಕ್ಯಾಬಿನ್ ಹಗುರವಾಗಬೇಕು, ಗಟ್ಟಿತನ ಕಡಿಮೆಯಾಗಬಾರದು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಅದಕ್ಕೇ ತೋಳಗಳನ್ನು ಕರೆಸಿದ್ದು.

ತೋಳ ಎಂದರೆ ಇಲ್ಲಿ ಒಂದು ವಿನ್ಯಾಸ. ಕ್ಯಾಬಿನ್ನಿನ ಯಾವ ಭಾಗದ ತಗಡು ಎಷ್ಟು ದಪ್ಪವಿರಬೇಕು ಎಂಬ ಸಂಖ್ಯೆಗಳ ಒಂದು ಸಾಲು. ಇಂಥ ಹತ್ತಾರು ಸಾಲುಗಳನ್ನು ಮೊದಲು ಮನಸ್ಸಿಗೆ ಬಂದಂತೆ ಚೆಲ್ಲುತ್ತೇವೆ. ಯಾವುದು ಹಗುರವಾಗಿದ್ದೂ ಗುದ್ದು ತಾಳುತ್ತದೋ ಅದು ಮುಂದಾಳು. ಉಳಿದವು ಮುಂದಾಳುಗಳ ಕಡೆಗೆ ಸರಿಯುತ್ತವೆ. ಸರಿಯುವಾಗ ಒಂದಿಷ್ಟು ಅಡ್ಡಾದಿಡ್ಡಿ ಹೋಗುವುದಕ್ಕೂ ಬಿಡುತ್ತೇವೆ. ಹಾಗೆ ಹೋದಾಗ ಇನ್ನೂ ಒಳ್ಳೆಯದು ಸಿಕ್ಕರೆ ಮುಂದಾಳು ಬದಲಾಗುತ್ತದೆ. ಸುತ್ತಿನ ಮೇಲೆ ಸುತ್ತು ಹಾಕಿ ಕೊನೆಗೆ ಹಿಂಡು ಒಂದು ಜಾಗಕ್ಕೆ ಬಂದು ಕೂಡುತ್ತದೆ. ವಿಧಾನ ನಿಜಕ್ಕೂ ಒಳ್ಳೆಯದು. ಒಬ್ಬ ಎಂಜಿನಿಯರು ಕೂತು ಊಹಿಸಲಾರದ ಜೋಡಣೆಗಳನ್ನು ಅದು ಹುಡುಕಿ ತರುತ್ತದೆ. ನನಗೆ ಮುಂದೆ ಹುಟ್ಟಿದ ಅಸಹ್ಯಕ್ಕೆ ತೋಳಗಳು ಕಾರಣವಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ.

ತೊಡಕು ಬೇರೆಯಿತ್ತು. ಒಂದೇ ಒಂದು ಡಿಕ್ಕಿಯನ್ನು ಪೂರ್ತಿ ಲೆಕ್ಕ ಹಾಕಲು ಕಂಪ್ಯೂಟರಿಗೆ ಬಹಳ ಹೊತ್ತು ಬೇಕು. ತೋಳಗಳಿಗೆ ಬೇಕಾದದ್ದು ಸಾವಿರಾರು ಡಿಕ್ಕಿ. ಹಾಗಾಗಿ ಅಲ್ಲೊಂದು ಇಲ್ಲೊಂದು ವಿನ್ಯಾಸವನ್ನು ಆರಿಸಿ ನಿಜವಾದ ಲೆಕ್ಕ ಮಾಡಿದೆ, ನಡುವಿನವನ್ನು ಅಂದಾಜು ಮಾಡುವ ಒಂದು ಸೂತ್ರ ಕಟ್ಟಿದೆ. ತೋಳಗಳು ಬೇಟೆಯಾಡಿದ್ದು ಆ ಅಂದಾಜಿನ ಮೇಲೆ.

ಮೊದಲ ಬೇಟೆ ಕೆಟ್ಟಿತು. ನಾನು ಅಷ್ಟಾಗಿ ಲೆಕ್ಕ ಮಾಡದೆ ಬಿಟ್ಟಿದ್ದ ಒಂದು ಮೂಲೆಗೆ ಹಿಂಡೆಲ್ಲ ಹೋಗಿ ಕೂತಿತು. ಸೂತ್ರದ ಪ್ರಕಾರ ಅಲ್ಲಿ ಕ್ಯಾಬಿನ್ ಹಗುರವೂ ಹೌದು, ಗಟ್ಟಿಯೂ ಹೌದು. ನಿಜವಾದ ಲೆಕ್ಕ ಓಡಿಸಿದಾಗ ಬಾಗಿಲ ಕಂಬ ಕಾಗದದ ಹಾಗೆ ಮಡಚಿಕೊಂಡಿತು. ಆ ಮೂಲೆಯ ಇನ್ನಷ್ಟು ವಿನ್ಯಾಸಗಳನ್ನು ಲೆಕ್ಕಕ್ಕೆ ಹಾಕಿದೆ, ಸೂತ್ರ ತಿದ್ದಿದೆ, ಮತ್ತೆ ಬಿಟ್ಟೆ. ಮತ್ತೆ ಕೆಟ್ಟಿತು, ಮತ್ತೆ ತಿದ್ದಿದೆ. ಕೊನೆಗೊಂದು ವಿನ್ಯಾಸ ಬಂತು. ಅಂದಾಜೂ ನಿಜವೂ ಒಂದಕ್ಕೊಂದು ತಾಳೆಯಾದವು. ಕ್ಯಾಬಿನ್ನು ಯಾರೂ ನಿರೀಕ್ಷಿಸಿರದಷ್ಟು ಹಗುರವಾಗಿತ್ತು. ಸ್ಟೀರಿಂಗ್ ಹಿಂದಕ್ಕೆ ಬಂದದ್ದು ಮಿತಿಯೊಳಗೆ, ಪೆಡಲ್ಲು ಸರಿದದ್ದು ಮಿತಿಯೊಳಗೆ, ಡ್ರೈವರ್ ಮೊಣಕಾಲಿನ ಮುಂದಿನ ಜಾಗ ಹಾಗೇ ಉಳಿದಿತ್ತು.

ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ನಿಂತು ಎರಡು ಸಲ "ಸೂಪರ್" ಎಂದರು. ಅವರು ಕೃಷ್ಣಗಿರಿಯವರು, ಮನೆಮಾತು ತಮಿಳು, ನಮ್ಮೊಂದಿಗೆ ಕನ್ನಡ. "ಇದೇ ಫೈನಲ್ ಮ್ಯಾಡಮ್. ಸ್ಲೈಡ್ ರೆಡಿ ಮಾಡ್ಬಿಡಿ," ಎಂದು ಹೋದರು.

ಸ್ಲೈಡಿಗಾಗಿ ತಗಡುಗಳ ದಪ್ಪವನ್ನು ಒಂದೊಂದಾಗಿ ಬರೆಯುತ್ತಾ ಹೋದಾಗ ನನ್ನ ಕೈ ನಿಂತಿತು. ಬಾಗಿಲ ಮುಂದಿನ ಕಂಬ ಕ್ಯಾಬಿನ್ನಿನ ನೆಲಕ್ಕೆ ಕೂಡುವ ಕಡೆ ಒಳಗೊಂದು ಪಟ್ಟಿ ಇರುತ್ತದೆ. ಕಂಬ ಹಿಂದಕ್ಕೆ ಮುರಿದು ಬೀಳದಂತೆ ತಡೆಯುವುದು ಅದೇ. ಬಲಗಡೆ, ಅಂದರೆ ಡ್ರೈವರ್ ಕಡೆ, ಆ ಪಟ್ಟಿ ಮೊದಲಿಗಿಂತ ದಪ್ಪವಾಗಿತ್ತು. ಎಡಗಡೆಯ ಪಟ್ಟಿ ಅದರ ಮುಕ್ಕಾಲು ಪಾಲಿನಷ್ಟೂ ಇರಲಿಲ್ಲ.

ತೋಳಗಳು ಮೋಸ ಮಾಡಿರಲಿಲ್ಲ. ಮ್ಯಾನೇಜರಿಂದ ನನಗೆ ಬಂದಿದ್ದ ಷರತ್ತುಗಳೆಲ್ಲ ಡ್ರೈವರ್ ಕಡೆಯವು: ಸ್ಟೀರಿಂಗ್, ಪೆಡಲ್, ಡ್ರೈವರ್ ಮೊಣಕಾಲು. ಹಿಂದಿನ ಗಾಡಿಗಳಿಗೂ ಇವೇ ಷರತ್ತುಗಳಿದ್ದವು. ಆಗ ಎರಡೂ ಬದಿಗೆ ಒಂದೇ ತಗಡು ಹಾಕುವುದು ವಾಡಿಕೆ, ಬಲಗಡೆ ಅಳೆದರೆ ಎಡಗಡೆಯನ್ನೂ ಅಳೆದ ಹಾಗೆ. ಆ ವಾಡಿಕೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಲ್ಲದ್ದು ತೋಳಕ್ಕೆ ಗೊತ್ತಾಗುವುದಿಲ್ಲ. ಎಡಗಡೆ ಎಷ್ಟು ತೆಗೆದರೂ ಯಾರೂ ಕೇಳುವುದಿಲ್ಲ ಎಂದು ಅದಕ್ಕೆ ಗೊತ್ತಾಯಿತು, ತೆಗೆಯಿತು.

ಕಂಪ್ಯೂಟರಿನ ಕ್ಯಾಬಿನ್ನಿನಲ್ಲಿ ಎಡಗಡೆಯ ಸೀಟು ಖಾಲಿ ಇತ್ತು. ಅಲ್ಲೊಂದು ಡಮ್ಮಿ, ಅಂದರೆ ಮನುಷ್ಯನ ಅಳತೆಯ ಗೊಂಬೆ, ಕೂರಿಸಿ ಅದೇ ಡಿಕ್ಕಿಯನ್ನು ಮತ್ತೆ ನಡೆಸಿದೆ. ಫಲಿತಾಂಶವನ್ನು ನಿಧಾನಗತಿಯಲ್ಲಿ ನೋಡಿದೆ. ಕಂಬ ಬುಡದಲ್ಲಿ ಮಡಚಿತು. ಡ್ಯಾಶ್‌ಬೋರ್ಡು ಒಳಕ್ಕೆ ಬಂತು, ಮೊಣಕಾಲುಗಳಿಗೆ ತಾಗಿತು, ಅಲ್ಲಿ ನಿಲ್ಲಲಿಲ್ಲ, ತೊಡೆಗಳನ್ನು ಸೀಟಿಗೆ ಒತ್ತಿ ಹಿಡಿದ ಮೇಲೆ ನಿಂತಿತು. ಪಕ್ಕದಲ್ಲಿ ಡ್ರೈವರ್ ಡಮ್ಮಿ ನೆಟ್ಟಗೆ ಕೂತಿತ್ತು.

ಮ್ಯಾನೇಜರನ್ನು ಕರೆದು ತೋರಿಸಿದೆ. ಪೂರ್ತಿ ನೋಡಿದರು. ಅವರ ಮುಖ ಒಂದು ಕ್ಷಣ ಬಾಡಿತು ಎಂದೇ ನನಗನಿಸಿತ್ತು.

"ಎಡಗಡೆ ಡಮ್ಮಿ ಯಾರು ಇಡಕ್ಕೆ ಹೇಳಿದ್ದು?" ಎಂದರು.

"ಯಾರೂ ಹೇಳ್ಲಿಲ್ಲ ಸರ್. ಅಲ್ಲಿ ಸೀಟಿದೆಯಲ್ಲ."

"ಸೀಟಿದೆ ಸರಿ. ಟೆಸ್ಟ್‌ನಲ್ಲಿ ಕೇಳ್ತಾರಾ? ಇಲ್ಲ ಅಲ್ವಾ? ಕೇಳದೇ ಇರೋ ಪ್ರಶ್ನೆಗೆ ನೀವ್ಯಾಕೆ ಉತ್ತರ ಬರೀತೀರಾ?"

"ಜನ ಕೂರ್ತಾರೆ ಸರ್."

"ಪಾರುಂಗ ಮ್ಯಾಡಮ್, ನೋಡಿ, ಜನ ಟಾಪ್ ಮೇಲೂ ಕೂರ್ತಾರೆ. ಅದಕ್ಕೂ ಡಿಸೈನ್ ಮಾಡೋಣ್ವಾ?" ಎಂದು ನಕ್ಕರು. ಆಮೇಲೆ ನನ್ನ ಮೌಸನ್ನು ತಾವೇ ಹಿಡಿದು, ಚಿತ್ರವನ್ನು ಡ್ರೈವರ್ ಅರ್ಧ ಮಾತ್ರ ಕಾಣುವಂತೆ ಕತ್ತರಿಸಿ ಸ್ಲೈಡಿಗೆ ಅಂಟಿಸಿದರು. "ಇಷ್ಟು ಸಾಕು."

ಅವರ ಬೆರಳು ಮುಟ್ಟಿದ ಆ ಮೌಸನ್ನು ಮತ್ತೆ ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕೂಗಾಡುವವರನ್ನು, ಸುಳ್ಳು ಹೇಳುವವರನ್ನು ಕಂಡಿದ್ದೇನೆ. ಇವರು ಸುಳ್ಳು ಹೇಳಲಿಲ್ಲ. ಒಬ್ಬ ಮನುಷ್ಯನನ್ನು ಚಿತ್ರದ ಅಂಚಿನಿಂದ ಆಚೆಗೆ ಎಳೆದು ಹಾಕಿದರು, ಅಷ್ಟೆ.

ಆ ಭಾನುವಾರ ಉದ್ದನಪಲ್ಲಿಯಿಂದ ನಮ್ಮ ಚಿಕ್ಕಮ್ಮ ಬಂದಿದ್ದಳು. ಅವಳಿಗೆ ಅರ್ಧ ಎಕರೆ ಗುಲಾಬಿ ತೋಟ. ವಾರಕ್ಕೆ ನಾಲ್ಕೈದು ದಿನ ಹೂವಿನ ಜೊತೆ ಹೊಸೂರಿನ ಮಾರ್ಕೆಟ್ಟಿಗೆ ಬರುತ್ತಾಳೆ. ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ ಕೇಳಿದೆ, "ಹೂವಿನ ಗಾಡೀಲಿ ಎಲ್ಲಿ ಕೂತ್ಕೊಳ್ತೀಯ ಚಿಕ್ಕಮ್ಮ?"

"ಮುಂದ್ಗಡೆ, ಎಡಗಡೆ ಸೀಟು. ಇನ್ನೆಲ್ಲಿ ಕೂತ್ಕಳಾನ? ಹಿಂದ್ಗಡೆ ಕುಂತ್ರೆ ಹೂವೆಲ್ಲ ಜಜ್ಜೋಯ್ತದೆ," ಎಂದಳು. "ನಾನೊಬ್ಳೇ ಅಲ್ಲ, ಪಕ್ಕದ್ಮನೆಯವಳೂ ಬತ್ತಾಳೆ. ಇಬ್ರೂ ಅದ್ರಾಗೇ ಒತ್ತರಿಸ್ಕಂಡು ಕೂತ್ಕಂತೀವಿ. ಯಾಕಮ್ಮಿ ಕೇಳ್ತೀಯಾ?"

"ಸುಮ್ನೆ."

"ಸುಮ್ನೆ ಕೇಳೋ ಪೈಕಿ ಅಲ್ಲ ನೀನು. ಆ ಹೊಸಾ ಗಾಡಿ ಮಾಡ್ತಾ ಇದೀವಿ ಅಂದಿದ್ಯಲ್ಲ, ಬಂದ್ಬುಡ್ತಾ? ನಮ್ ಡ್ರೈವರು ಅದೇ ತಗಂತೀನಿ ಅಂತ ಕಾಯ್ತಾವ್ನೆ."

ಅವಳ ಮೊಣಕಾಲ ಮೇಲೆ ಅವರೆಕಾಯಿಯ ಸಿಪ್ಪೆ ಬಿದ್ದಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಸೋಮವಾರ ಹೋಗಿ ತೋಳಗಳಿಗೆ ಹೊಸ ಷರತ್ತು ಬರೆದೆ. ಎಡಗಡೆ ಕೂತವರ ಮೊಣಕಾಲಿಗೂ ಬಲಗಡೆಯಷ್ಟೇ ಜಾಗ ಉಳಿಯಬೇಕು. ಯಾರೂ ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ. ಹಿಂಡು ಮತ್ತೆ ಓಡಿತು, ಈ ಸಲ ಬೇರೆ ಕಡೆ ಹೋಗಿ ಕೂತಿತು. ಎಡಗಡೆಯ ಪಟ್ಟಿ ಹೆಚ್ಚುಕಡಿಮೆ ಬಲಗಡೆಯಷ್ಟೇ ದಪ್ಪವಾಯಿತು. ಉಳಿಸಿದ್ದ ತೂಕದಲ್ಲಿ ಒಂದು ಪಾಲು ವಾಪಸ್ ಬಂತು. ಆದರೂ ಹಳೆಯ ಕ್ಯಾಬಿನ್ನಿಗಿಂತ ಹಗುರವೇ. ನಿಜವಾದ ಲೆಕ್ಕದಲ್ಲಿ ಎರಡೂ ಡಮ್ಮಿಗಳು ನೆಟ್ಟಗೆ ಕೂತಿದ್ದವು. ತೋಳಕ್ಕೆ ಎಡಗಡೆಯ ಮನುಷ್ಯನ ಮೇಲೆ ಹಗೆಯೇನಿರಲಿಲ್ಲ, ನಾವು ಹೇಳಿರಲಿಲ್ಲ ಅಷ್ಟೆ.

ಮ್ಯಾನೇಜರ್ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಇದು ಭಾರ ಜಾಸ್ತಿ. ನಾನು ಆಗಲೇ ಮೇಲೆ ಹೇಳಿಬಿಟ್ಟಿದ್ದೀನಿ," ಎಂದರು. ಸಲಹೆಗಾರರನ್ನು ಫೋನಿನಲ್ಲಿ ಹಿಡಿದರು. ಅವರು ಲೌಡ್‌ಸ್ಪೀಕರಿನಲ್ಲಿ ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ: "ಎಡಗಡೆ ಒಂದು ಸ್ಟಿಕ್ಕರ್ ಹಾಕಿಬಿಡಿ ಸಾರ್. ದೂರ ಪ್ರಯಾಣಕ್ಕೆ ಈ ಸೀಟು ಬಳಸಬಾರದು ಅಂತ. ನಿಮ್ಮ ಕಡೆಯಿಂದ ಕ್ಲಿಯರ್."

ಮ್ಯಾನೇಜರ್ ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡರು. ಸ್ಟಿಕ್ಕರು ಯಾವ ಭಾಷೆಯಲ್ಲಿರಬೇಕು, ತಮಿಳೋ ಕನ್ನಡವೋ ತೆಲುಗೋ ಎಂಬುದರ ಮೇಲೆ ಆಮೇಲೆ ಚರ್ಚೆ ನಡೆಯಿತು. ಗಂಭೀರವಾಗಿ ನಡೆಯಿತು. ಮೂರೂ ಹಾಕೋಣ, ಜಾಗ ಇದೆ ಎಂದು ಒಬ್ಬರು ಹೇಳಿದರು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಬಂದೆ.

ಮೊದಲ ವಿನ್ಯಾಸದ ಪ್ರಕಾರವೇ ಮಾದರಿ ಕ್ಯಾಬಿನ್ ತಯಾರಾಯಿತು. ಪರೀಕ್ಷೆಯ ಅಂಗಳದಲ್ಲಿ ಕ್ಯಾಬಿನ್ನನ್ನು ನೆಲಕ್ಕೆ ಬಿಗಿದು, ಸರಪಳಿಗಳಲ್ಲಿ ತೂಗುವ ಕಬ್ಬಿಣದ ಭಾರೀ ದಿಮ್ಮಿಯನ್ನು ಹಿಂದಕ್ಕೆಳೆದು ಬಿಡುತ್ತಾರೆ. ಅದು ತೂಗಿ ಬಂದು ಮುಖಕ್ಕೆ ಗುದ್ದುತ್ತದೆ. ಒಳಗೆ ಡ್ರೈವರ್ ಡಮ್ಮಿ. ಎಡಗಡೆಗೂ ಒಂದು ಕೂರಿಸಿ ಎಂದು ಕೇಳಿದ್ದೆ. ಇನ್ನೊಂದು ಡಮ್ಮಿ ಬೇರೆ ಕೆಲಸಕ್ಕೆ ಹೋಗಿದೆ ಎಂದರು.

ದಿಮ್ಮಿ ಗುದ್ದಿದ ಸದ್ದಿಗೆ ಕಾಂಪೌಂಡಿನ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಗಾಜಿನ ಪುಡಿ ನೆಲದ ಮೇಲೆ ಹರಡಿತು. ಎಲ್ಲರೂ ಬಲಗಡೆಗೆ ಓಡಿದರು. ಬಾಗಿಲು ಕೈಯಲ್ಲೇ ತೆರೆಯಿತು. ಡಮ್ಮಿಯ ಮೊಣಕಾಲಿನ ಮುಂದೆ ಅಳತೆಪಟ್ಟಿ ಹಿಡಿದವನು ಹೆಬ್ಬೆರಳು ಎತ್ತಿ ತೋರಿಸಿದ. ಚಪ್ಪಾಳೆ ಬಿತ್ತು. "ಈ ಕಡೆ ಬಾರ್ಲಾ, ಫೋಟೋದಾಗೆ ನಿಂತ್ಕೊ," ಎಂದು ಒಬ್ಬ ಇನ್ನೊಬ್ಬನನ್ನು ಎಳೆದ. ಮ್ಯಾನೇಜರ್ ಡಮ್ಮಿಯ ಹೆಗಲ ಮೇಲೆ ಕೈಹಾಕಿ ನಿಂತರು.

ನಾನು ಸುತ್ತಿ ಎಡಗಡೆಗೆ ಬಂದೆ. ಅಲ್ಲಿ ಯಾರೂ ಇರಲಿಲ್ಲ, ಒಂದು ಕ್ಯಾಮೆರಾ ಕೂಡ ಇರಲಿಲ್ಲ. ಬಾಗಿಲು ಜಾಮಾಗಿತ್ತು. ಒಡೆದ ಕಿಟಕಿಯಿಂದ ಕೈ ಇಳಿಬಿಟ್ಟು ಡ್ಯಾಶ್‌ಬೋರ್ಡಿಗೂ ಸೀಟಿಗೂ ನಡುವೆ ತೂರಿಸಲು ನೋಡಿದೆ. ಅಂಗೈ ಹೋಯಿತು, ಮಣಿಕಟ್ಟು ಹೋಗಲಿಲ್ಲ. ಸೀಟಿನ ರೆಕ್ಸಿನ್ ಹರಿದು ಒಳಗಿನ ಹಳದಿ ಸ್ಪಂಜು ಹೊರಗೆ ಬಂದಿತ್ತು. ಆ ಸ್ಪಂಜನ್ನು ನೋಡಿದಾಗ ಸೀಳಿದ ತೊಡೆಯ ಮಾಂಸ ನೆನಪಾಗಿ ನಾನು ಮುಖ ತಿರುಗಿಸಿದೆ.

ಅಷ್ಟರಲ್ಲಿ ಮ್ಯಾನೇಜರ್ ಮೈಸೂರುಪಾಕಿನ ಡಬ್ಬ ಹಿಡಿದು ಬಂದರು. "ಎಲ್ಲಿ ಹೋದ್ರಿ ಮ್ಯಾಡಮ್? ನಿಮ್ಮ ವಿನ್ಯಾಸ, ಮೊದಲು ನೀವು ತಗೋಬೇಕು." ಕಿಟಕಿಯೊಳಗೆ ಕಣ್ಣು ಹಾಯಿಸಲೂ ಇಲ್ಲ. ಎಲ್ಲರೂ ನೋಡುತ್ತಿದ್ದರು. ಒಂದು ತುಂಡು ತೆಗೆದುಕೊಂಡು ಬಾಯಿಗಿಟ್ಟೆ. ತುಪ್ಪ ನಾಲಿಗೆಗೆ ಮೆತ್ತಿಕೊಂಡಿತು. ನುಂಗಲಾಗದೆ, ಉಗಿಯಲಾಗದೆ, ಬಾಯಲ್ಲೇ ಇಟ್ಟುಕೊಂಡು ನಲ್ಲಿಯ ತನಕ ನಡೆದೆ.

ಪರೀಕ್ಷೆ ಮುಗಿದ ಮೇಲೆ ಕ್ಯಾಬಿನ್ನನ್ನು ಬಿಚ್ಚಿ, ಒಳಗಿನ ಭಾಗಗಳನ್ನು ಮೇಜಿನ ಮೇಲೆ ಹರಡಿ ನೋಡುವುದು ನಮ್ಮ ಪದ್ಧತಿ. ಬಲಗಡೆಯ ಪಟ್ಟಿ, ಎಡಗಡೆಯ ಪಟ್ಟಿ, ಹಾಗೇ ಜೋಡಿಸದೆ ಉಳಿದಿದ್ದ ಹೊಸ ಪಟ್ಟಿಗಳು ಕೂಡ ಅಲ್ಲಿದ್ದವು. ಹೊಸದರಲ್ಲಿ ಎರಡನ್ನು ಕೈಗೆತ್ತಿಕೊಂಡೆ. ಒಂದೇ ಆಕಾರ, ಒಂದೇ ಕಡೆ ತೂತು. ಒಂದನ್ನು ಮಗುಚಿದರೆ ಇನ್ನೊಂದು. ಯಾವುದು ದಪ್ಪ ಯಾವುದು ತೆಳು ಎಂದು ಮೇಲ್ನೋಟಕ್ಕೆ ತಿಳಿಯುತ್ತಿರಲಿಲ್ಲ. ವರ್ನಿಯರ್ ಹಿಡಿದು ಅಳೆದ ಮೇಲೆ ಗೊತ್ತಾಯಿತು.

ಅಲ್ಲೇ ಆ ಮೇಜಿನ ಪಕ್ಕ ನಾನು ಒಂದು ತೀರ್ಮಾನಕ್ಕೆ ಬಂದೆ. ಇನ್ನು ಮುಂದೆ ಈ ಜನರ ಎದುರು ಮೊಣಕಾಲಿನ ಮಾತು ಎತ್ತುವುದಿಲ್ಲ. ಡಮ್ಮಿಯ ಮಾತು, ಚಿಕ್ಕಮ್ಮನ ಮಾತು, ಯಾವುದೂ ಇಲ್ಲ.

ಮುಂದಿನ ಮೀಟಿಂಗಿಗೆ ಉತ್ಪಾದನೆಯ ಮುಖ್ಯಸ್ಥರೂ ಬಂದಿದ್ದರು. ಲೈನಿನಲ್ಲಿ ಗಾಡಿ ಜೋಡಿಸುವ ಹೊಣೆ ಅವರದು. ಸ್ಟಿಕ್ಕರಿನ ಬಣ್ಣದ ಮಾತು ಮುಗಿದ ಮೇಲೆ ನಾನು ಎರಡು ಪಟ್ಟಿಗಳನ್ನು ಅವರ ಮುಂದಿಟ್ಟೆ.

"ಸರ್, ಇದರಲ್ಲಿ ಬಲಗಡೆದು ಯಾವುದು ಹೇಳಿ."

ಅವರು ತಿರುಗಿಸಿ ಮುರುಗಿಸಿ ನೋಡಿದರು. "ಎರಡೂ ಒಂದೇ ಅಲ್ವಾ?"

"ಅಲ್ಲ ಸರ್. ಒಂದು ತೆಳು. ಲೈನಲ್ಲಿ ಅದೇನಾದ್ರೂ ಅದಲುಬದಲಾಗಿ ಬಲಗಡೆ ಬಿತ್ತು ಅಂದ್ರೆ ಡ್ರೈವರ್ ಕಡೆ ಟೆಸ್ಟ್ ಫೇಲ್. ಮಾರಿದ ಮೇಲೆ ಗೊತ್ತಾದ್ರೆ ಅಷ್ಟೂ ಗಾಡಿ ವಾಪಸ್ ಕರೆಸ್ಬೇಕಾಗತ್ತೆ."

ಮುಖ್ಯಸ್ಥರು ಎರಡೂ ಪಟ್ಟಿಗಳನ್ನು ಮೇಜಿನ ಮೇಲೆ ಕುಕ್ಕಿದರು. "ಯಾರ್ರೀ ಇದನ್ನ ಪಾಸ್ ಮಾಡಿದ್ದು? ಕಣ್ಣಿಗೆ ಒಂದೇ ಥರ ಕಾಣೋ ಎರಡು ಪಾರ್ಟು ಒಂದೇ ಜಾಗದಲ್ಲಿ ಇಟ್ರೆ ನನ್ನ ಹುಡುಗ್ರು ಏನ್ ಮಾಡ್ಬೇಕು?"

"ತೂತಿನ ಜಾಗ ಬದಲಾಯಿಸಬಹುದು," ಎಂದರು ಮ್ಯಾನೇಜರ್.

"ಪಾರ್ಟು ಒತ್ತೋ ಡೈ ಹೊಸದಾಗಿ ಮಾಡಿಸ್ಬೇಕು. ಗಾಡಿ ಬಿಡೋ ದಿನ ಮುಂದಕ್ಕೆ ಹೋಗತ್ತೆ. ಒಪ್ಪಿಗೆನಾ?"

ಯಾರಿಗೂ ಒಪ್ಪಿಗೆ ಇರಲಿಲ್ಲ. ಎರಡೂ ಕಡೆಗೆ ದಪ್ಪ ಪಟ್ಟಿಯನ್ನೇ ಹಾಕುವುದು ಎಂದು ತೀರ್ಮಾನವಾಯಿತು. ಅಷ್ಟು ದಿನ ನಾನು ಲೆಕ್ಕ, ಚಿತ್ರ, ಬೇಡಿಕೆ ಎಲ್ಲವನ್ನೂ ಇಟ್ಟು ಕೇಳಿದಾಗ ಆಗದೇ ಹೋದದ್ದು ಒಂದು ಲೋಟ ಚಹಾ ಆರುವುದರೊಳಗೆ ಆಗಿಹೋಯಿತು. ಭಾರ ಹೆಚ್ಚಾಯಿತು ಎಂದು ಒಬ್ಬರೂ ಗೊಣಗಲಿಲ್ಲ. ಸ್ಟಿಕ್ಕರೂ ಅಲ್ಲಿಗೇ ಬಿದ್ದುಹೋಯಿತು.

ಹೊರಗೆ ಬರುವಾಗ ಮ್ಯಾನೇಜರ್ ನನ್ನ ಪಕ್ಕ ನಡೆಯುತ್ತಾ ಬಂದರು. ಅವರಿಗೆ ಕೋಪವಿರಲಿಲ್ಲ. ನಿಜವಾಗಿ ಮೆಚ್ಚಿಕೊಂಡಿದ್ದರು.

"ಒಳ್ಳೇ ಪಾಯಿಂಟ್ ಮ್ಯಾಡಮ್. ಇದನ್ನ ಮೊದಲೇ ಹೇಳೋದು ಬಿಟ್ಟು ಸುಮ್ನೆ ಏನೇನೋ ಸೆಂಟಿಮೆಂಟ್ ಮಾತಾಡ್ತಿದ್ರಿ."

ಗೆದ್ದೆ ಎಂದು ಅನಿಸಬೇಕಿತ್ತು. ಅನಿಸಲಿಲ್ಲ. ಆ ಸೀಟಿನಲ್ಲಿ ಕೂರುವವರು ಬದುಕಿಕೊಂಡದ್ದು ತಾವು ಮನುಷ್ಯರು ಎಂಬ ಕಾರಣಕ್ಕಲ್ಲ, ಎರಡು ತಗಡುಗಳು ನೋಡಲು ಒಂದೇ ಥರ ಇದ್ದವು ಎಂಬ ಕಾರಣಕ್ಕೆ. ಆ ತಗಡುಗಳ ಆಕಾರ ಬೇರೆಯಾಗಿದ್ದಿದ್ದರೆ? ಆ ಯೋಚನೆ ಬಂದಾಗಲೆಲ್ಲ ಈಗಲೂ ಬಾಯಲ್ಲಿ ಹುಳಿ ನೀರು ಬರುತ್ತದೆ. ವಾಷ್‌ಬೇಸಿನ್ನಿನಲ್ಲಿ ಅವತ್ತು ಕೈ ತೊಳೆದೆ, ಮತ್ತೆ ತೊಳೆದೆ. ಅವರ ಮೆಚ್ಚುಗೆಗೆ "ಸರಿ ಸರ್" ಎಂದು ಹೇಳಿದ್ದೆನಲ್ಲ, ಆ ಮಾತನ್ನೂ ತೊಳೆಯುವ ಹಾಗಿದ್ದರೆ ತೊಳೆಯುತ್ತಿದ್ದೆ.

ಗಾಡಿ ಬಿಡುಗಡೆಯಾಯಿತು. ಮೊದಲ ಗಾಡಿಗಳನ್ನು ಗಿರಾಕಿಗಳಿಗೆ ಒಪ್ಪಿಸುವ ದಿನ ಡೀಲರ್ ಅಂಗಳಕ್ಕೆ ನಮ್ಮ ವಿಭಾಗದವರನ್ನೂ ಕರೆದಿದ್ದರು. ಹೋಗಲು ಮನಸ್ಸಿರಲಿಲ್ಲ, ಹೋದೆ. ಒಬ್ಬ ಯುವಕ ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಟ್ಟು ನಿಲ್ಲಿಸಿದ. ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಡಗಡೆಯಿಂದ ಹತ್ತಿ ಕೂತಳು. ಗಂಡ ಬೆಲ್ಟು ಹಾಕಿಕೊಂಡ. ಅವಳು ಅದನ್ನು ನೋಡಿ ನಕ್ಕಳು. ಅವಳ ಬೆಲ್ಟು ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ನೇತಾಡುತ್ತಿತ್ತು.

ನಾನು ಹತ್ತಿರ ಹೋಗಿ ಕವರು ಹರಿದು ಬೆಲ್ಟು ಎಳೆದು ಕೊಟ್ಟೆ.

"ಅದು ಡ್ರೈವರ್ಗಲ್ವಾ ಅಕ್ಕ?" ಎಂದಳು. "ನಮ್ಗ್ಯಾಕೆ?"

ಅವಳು ಅದನ್ನು ತಮಾಷೆಗೆ ಹೇಳಲಿಲ್ಲ. ಆ ಸೀಟಿಗೆ ಲೆಕ್ಕವಿಲ್ಲ ಎಂದು ಅವಳಿಗೂ ಅನಿಸಿತ್ತು.

"ನಿಮ್ಗೂನೂ," ಎಂದೆ. ಕೊಂಡಿ ಸಿಕ್ಕಿಸಿದೆ. ಟಕ್ ಎಂದಿತು. ಗಾಡಿ ರಾಯಕೋಟೆ ರಸ್ತೆಯ ಕಡೆಗೆ ತಿರುಗಿತು.